ಕಿಡಿಗೆ ಹತ್ತಿರದ ಕಣ್ಣು

ಗುಡೇಮಾರನಹಳ್ಳಿ, ಸೋಲೂರು, ಕುದೂರು, ಮಾಗಡಿ. ಈ ಊರುಗಳ ನಡುವೆ ಬಸ್ಸಿನಲ್ಲಿ ಹೋಗುವವರಿಗೆ ಕಿಟಕಿಯಾಚೆ ಕಾಣುವುದು ರಾಗಿ ಹೊಲ, ಮಾವಿನ ತೋಪು, ಅವುಗಳ ಹಿಂದೆ ಬೋಳು ಬಂಡೆಗಳ ಸಾಲು. ಈ ಸೀಮೆಗೆ ಒಂದು ಮಗ್ಗುಲಲ್ಲಿ ಸಾವನದುರ್ಗ, ಇನ್ನೊಂದು ಮಗ್ಗುಲಲ್ಲಿ ಹುತ್ರಿದುರ್ಗ. ಇಂದು ವಾರಾಂತ್ಯದ ಚಾರಣಿಗರ ಪಾಲಿಗೆ ಬೆಟ್ಟಗಳಾಗಿರುವ ಇವೆರಡೂ 1791ರ ಡಿಸೆಂಬರಿನಲ್ಲಿ ಕೋವಿಮದ್ದಿನ ಹೊಗೆಯಲ್ಲಿ ಮುಳುಗಿದ್ದವು.

ಮೂರನೆಯ ಮೈಸೂರು ಯುದ್ಧದ ಕಾಲ ಅದು. ಲಾರ್ಡ್ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ದಾರಿಯನ್ನು ಸುರಕ್ಷಿತಗೊಳಿಸಿಕೊಳ್ಳಲು ಒಂದೊಂದೇ ದುರ್ಗವನ್ನು ಹಿಡಿಯುತ್ತ ಬಂದಿತು. ಡಿಸೆಂಬರ್ 17ರಂದು ಸಾವನದುರ್ಗದ ಮೇಲೆ ಫಿರಂಗಿಗಳು ಗುಂಡಿನ ಮಳೆ ಸುರಿಸತೊಡಗಿದವು. 21ರಂದು ಕೋಟೆ ಬಿದ್ದಿತು. 24ರಂದು ಹುತ್ರಿದುರ್ಗದ ಸರದಿ. ಅದೇ ದಿನಗಳಲ್ಲಿ ರಾಮಗಿರಿಯೂ ಕೈಬಿಟ್ಟಿತು. ಯಾವ ದಳ ಎಲ್ಲಿಂದ ಏರಿತು, ಯಾವ ಕರ್ನಲ್ ಮುಂದಾಳಾಗಿದ್ದ ಎಂಬುದೆಲ್ಲ ದಾಖಲೆಯಾಗಿದೆ. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಸಾವನದುರ್ಗದ ಚಿತ್ರವನ್ನೂ ಬರೆದಿಟ್ಟಿದ್ದಾನೆ.

ಸತ್ತವರೆಷ್ಟು, ಗಾಯಗೊಂಡವರೆಷ್ಟು ಎಂದು ಆ ಕಾಲದ ಸೇನಾ ವರದಿಗಳು ಲೆಕ್ಕ ಕೊಡುತ್ತವೆ. ಆದರೆ ‘ಗಾಯಗೊಂಡವರು’ ಎಂಬ ಆ ಒಂದು ಕಲಮಿನಲ್ಲಿ ಕಾಲು ಮುರಿದವನೂ ಕಣ್ಣು ಕಳೆದುಕೊಂಡವನೂ ಒಂದೇ. ಶತ್ರುವಿನ ಗುಂಡಿನಿಂದಲ್ಲ, ತನ್ನದೇ ಕೋವಿಯ ಕಿಡಿಯಿಂದ ಕಣ್ಣು ಸುಟ್ಟುಕೊಂಡವನು ಆ ಲೆಕ್ಕಕ್ಕೂ ಸೇರಿದನೋ ಇಲ್ಲವೋ. ಕೋವಿಮದ್ದಿನ ಚರಿತ್ರೆಯನ್ನು ರಾಜರ ಕಡೆಯಿಂದ, ಕೋಟೆಗಳ ಕಡೆಯಿಂದ ಬೇಕಾದಷ್ಟು ಬರೆದಿದ್ದಾರೆ. ಗುರಿಯಿಟ್ಟವನ ಕಣ್ಣಿನ ಕಡೆಯಿಂದ ನೋಡಿದವರು ಕಡಿಮೆ. ನೋಡಿದರೆ ಅದೊಂದು ಬೇರೆಯೇ ಕಥೆ.

ಮೂರು ಪದಾರ್ಥ, ಒಂದು ಉರಿ

ಕರಿಮದ್ದು ಎಂದರೆ ಮೂರು ಪದಾರ್ಥಗಳ ಬೆರಕೆ: ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರು ಭಾಗದಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಎಂಬುದು ಕೋವಿಯ ಮದ್ದಿಗೆ ನೆಲೆನಿಂತ ಅಳತೆ. ಇದ್ದಿಲು ಉರಿಯುತ್ತದೆ, ಪೆಟ್ಲುಪ್ಪು ಆ ಉರಿಗೆ ಬೇಕಾದ ಆಮ್ಲಜನಕವನ್ನು ತನ್ನೊಳಗಿನಿಂದಲೇ ಒದಗಿಸುತ್ತದೆ, ಗಂಧಕ ಬೇಗ ಹತ್ತಿಕೊಳ್ಳುವಂತೆ ಮಾಡುತ್ತದೆ. ಹೊರಗಿನ ಗಾಳಿಯ ಹಂಗಿಲ್ಲದ ಕಾರಣ ಮುಚ್ಚಿದ ನಳಿಗೆಯೊಳಗೂ ಅದು ಉರಿಯಬಲ್ಲದು.

ಇದರಲ್ಲಿ ಕಣ್ಣಿಗೆ ಸಂಬಂಧಪಟ್ಟ ಸಂಗತಿ ಒಂದಿದೆ. ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದು ಉರಿದಾಗ ಬಹುಪಾಲು ಅನಿಲವಾಗಿ ಹೋಗುತ್ತದೆ. ಕರಿಮದ್ದು ಹಾಗಲ್ಲ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಉರಿದ ಮೇಲೂ ಘನವಸ್ತುವಾಗಿಯೇ ಉಳಿಯುತ್ತದೆ. ದಟ್ಟನೆಯ ಬಿಳಿ ಹೊಗೆ ಎಂದು ನಾವು ನೋಡುವುದು ಗಾಳಿಯಲ್ಲಿ ತೇಲುವ ಈ ಸಣ್ಣ ಕಣಗಳನ್ನೇ. ನಳಿಗೆಯೊಳಗೆ ಕಪ್ಪಗೆ ಅಂಟಿಕೊಳ್ಳುವ ಮಸಿಯೂ ಅದೇ. ಈ ಶೇಷದಲ್ಲಿ ಪೊಟ್ಯಾಸಿಯಂನ ಕಾರ್ಬನೇಟು, ಸಲ್ಫೈಡು ಮುಂತಾದ ಕ್ಷಾರಗುಣದ ಲವಣಗಳಿರುತ್ತವೆ. ಅಂದರೆ ಕಣ್ಣಿಗೆ ಬಿದ್ದ ಕರಿಮದ್ದು ಮೂರು ಬಗೆಯಲ್ಲಿ ಕೆಡುಕು ಮಾಡುತ್ತದೆ. ಉರಿಯಾಗಿ ಸುಡುತ್ತದೆ, ಕಾಳಾಗಿ ಚುಚ್ಚಿಕೊಳ್ಳುತ್ತದೆ, ಕ್ಷಾರವಾಗಿ ಕೊರೆಯುತ್ತದೆ. ಪೂರ್ತಿ ಉರಿಯದೆ ಹಾರಿದ ಕಾಳುಗಳು ಚರ್ಮದಡಿ ಸೇರಿದರೆ ಹಚ್ಚೆಯಂತೆ ನೀಲಿಗಪ್ಪು ಚುಕ್ಕೆಗಳಾಗಿ ಬಾಳಿನುದ್ದಕ್ಕೂ ಉಳಿಯುತ್ತವೆ.

ಕಣ್ಣಿನ ಮುಂಭಾಗದ ಗಾಜಿನಂಥ ಪೊರೆಯಾದ ಕಾರ್ನಿಯಾದ ದಪ್ಪ ನಡುವಿನಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಮೀಟರು. ಅದನ್ನು ಕಾಯಲು ಪ್ರಕೃತಿ ಕೊಟ್ಟಿರುವುದು ರೆಪ್ಪೆಯೊಂದನ್ನೇ. ಧೂಳಿಗೆ, ನೊಣಕ್ಕೆ ರೆಪ್ಪೆ ಸಾಕು. ಕೋವಿಯ ಕಿಡಿಯ ವೇಗಕ್ಕೆ ಅದು ಸಾಲದು. ರೆಪ್ಪೆ ಮುಚ್ಚುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ.

ಬತ್ತಿ, ಚಕಮಕಿ, ಕೇಪು

ಕನ್ನಡ ನಾಡಿಗೆ ಮದ್ದು ಮೊದಲು ಪರಿಚಯವಾದದ್ದು ಯುದ್ಧದಲ್ಲಿಯೋ ಹಬ್ಬದಲ್ಲಿಯೋ ಎಂದು ಹೇಳುವುದು ಕಷ್ಟ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಹಾನವಮಿಯ ಉತ್ಸವದಲ್ಲಿ ಬಾಣಬಿರುಸುಗಳನ್ನು ಕಂಡು ಬೆರಗಾಗಿ ಬರೆದ. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ಟೊವಾವ್ ಡಿ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಸಂಗಡಿಗರೂ ಕೋವಿ ಹಿಡಿದು ನಿಂತರು. ಕೋಟೆಗೋಡೆಯಿಂದ ತಲೆ ಹೊರಚಾಚಿದವರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿದರು ಎಂದು ನೂನಿಜ್ ಹೇಳುತ್ತಾನೆ. ಇಣುಕಿ ನೋಡುವ ತಲೆ ಕೋವಿಯ ಮೊದಲ ಗುರಿಯಾಯಿತು. ಇಣುಕಿ ಗುರಿಯಿಡುವ ಕಣ್ಣಿಗೂ ಅಂದಿನಿಂದಲೇ ಆಪತ್ತು ಶುರುವಾಯಿತೆನ್ನಬೇಕು.

ಏಕೆಂದರೆ ಅಂದಿನ ಬತ್ತಿಯ ಕೋವಿಯ ರಚನೆಯೇ ಹಾಗಿತ್ತು. ನಳಿಗೆಯ ಹಿಂತುದಿಯಲ್ಲಿ, ಬಲಮಗ್ಗುಲಲ್ಲಿ, ಒಂದು ಸಣ್ಣ ಬಟ್ಟಲು. ಅದರಲ್ಲಿ ಚಿಟಿಕೆಯಷ್ಟು ನಯವಾದ ಮದ್ದು. ಇದಕ್ಕೆ ರಂಜಕ ಎಂದು ಹೆಸರು. ಬಟ್ಟಲಿಂದ ನಳಿಗೆಯೊಳಕ್ಕೆ ಒಂದು ತೂತು. ಜಾಮಗಿ ಎಂಬ, ಸದಾ ಕೆಂಡವಾಗಿ ಉರಿಯುತ್ತಿರುವ ಹುರಿಬತ್ತಿಯನ್ನು ಬಟ್ಟಲಿಗೆ ತಾಕಿಸಿದರೆ ರಂಜಕ ಭಗ್ಗನೆ ಹತ್ತಿಕೊಂಡು, ಆ ಉರಿ ತೂತಿನ ಮೂಲಕ ಒಳಗೆ ಹೋಗಿ ಗುಂಡನ್ನು ಹಾರಿಸುತ್ತಿತ್ತು. ಗುರಿಯಿಟ್ಟವನ ಬಲಗಣ್ಣಿನಿಂದ ಈ ಬಟ್ಟಲಿಗೆ ಗೇಣು ದೂರ. ಒಳಗಿನ ಮದ್ದು ಸಿಡಿದಾಗ ಉರಿ ಗುಂಡಿನ ಹಿಂದೆ ಮಾತ್ರ ಹೋಗದೆ ಬಂದ ದಾರಿಯಲ್ಲೇ ಹಿಂತಿರುಗಿ ತೂತಿನಿಂದಲೂ ಚಿಮ್ಮುತ್ತಿತ್ತು.

ಚಕಮಕಿ ಕೋವಿಯಲ್ಲಿ ಬತ್ತಿಯ ಬದಲು ಕಲ್ಲು ಬಂತು. ಕುದುರೆಯ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ತಟ್ಟೆಗೆ ಉಜ್ಜಿ ಕಿಡಿ ಉದುರಿಸುತ್ತಿತ್ತು. ಬಟ್ಟಲು, ರಂಜಕ, ತೂತು ಹಾಗೆಯೇ ಉಳಿದವು. ಕಲ್ಲಿನ ಚೂರು ಸಿಡಿಯುವ ಅಪಾಯವೊಂದು ಹೊಸದಾಗಿ ಸೇರಿತು. ಹೈದರ್, ಟಿಪ್ಪು ಅವರ ಕಾಲದ ಕವಾಯಿತು ಕಲಿತ ಪಡೆಗಳ ಕೈಯಲ್ಲಿದ್ದುದು, ಎದುರಾಳಿ ಕಂಪನಿ ಸೈನಿಕರ ಕೈಯಲ್ಲಿದ್ದುದು ಈ ಚಕಮಕಿ ಕೋವಿಯೇ. ಸಾಲಾಗಿ ಹೆಗಲಿಗೆ ಹೆಗಲು ತಾಗಿಸಿ ನಿಂತು ಒಟ್ಟಿಗೆ ಗುಂಡು ಹಾರಿಸುವುದು ಆಗಿನ ಪದ್ಧತಿ. ತೂತಿನ ಉರಿ ಬಲಕ್ಕೆ ಚಿಮ್ಮುತ್ತಿದ್ದುದರಿಂದ ಅದು ಮುಟ್ಟುತ್ತಿದ್ದುದು ಬಲಪಕ್ಕದಲ್ಲಿ ನಿಂತವನ ಮುಖವನ್ನು. ಆ ಕಾಲದ ಸಿಪಾಯಿಗಳು ಕುದುರೆ ಎಳೆಯುವ ಕ್ಷಣಕ್ಕೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಿದ್ದರೆಂಬ ದೂರು ಯುರೋಪಿನ ಸೇನೆಗಳಲ್ಲಿ ಸಾಮಾನ್ಯವಾಗಿತ್ತು. ಅದನ್ನು ಹೇಡಿತನ ಎಂದವರಿದ್ದರು. ಮುಖದ ಮುಂದೆಯೇ ಬೆಂಕಿ ಹತ್ತಿಸಿಕೊಂಡು ಕಣ್ಣು ತೆರೆದಿರು ಎನ್ನುವುದು ಎಷ್ಟರ ಮಟ್ಟಿಗೆ ನ್ಯಾಯವೋ, ಅವರೇ ಹೇಳಬೇಕು.

ಮದ್ದು ತಡೆದು ಹತ್ತುವುದು ಇನ್ನೊಂದು ಕಾಟ. ರಂಜಕ ಉರಿದರೂ ಒಳಗಿನ ಮದ್ದು ಹತ್ತದೆ ಕ್ಷಣಕಾಲ ಸುಮ್ಮನಿರುತ್ತಿತ್ತು. ತೇವ ಆರಿಲ್ಲವೇನೋ, ತೂತು ಕಟ್ಟಿಕೊಂಡಿದೆಯೇನೋ ಎಂದು ಬಗ್ಗಿ ನೋಡಿದಾಗ ಸಿಡಿಯುತ್ತಿತ್ತು. ದೀಪಾವಳಿಯಲ್ಲಿ ಬತ್ತಿ ಅರ್ಧಕ್ಕೆ ಆರಿದ ಪಟಾಕಿಯ ಮೇಲೆ ಮಗು ಬಗ್ಗುವುದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಬೇಟೆಯ ಹುಚ್ಚಿದ್ದವನು. ಚಕಮಕಿಯ ಬಟ್ಟಲಿನ ಬೆಳಕು ಕಂಡು ಹಕ್ಕಿಗಳು ಹಾರಿಹೋಗುತ್ತವೆಂಬ ತಲೆಬಿಸಿಯಿಂದ, ಪೆಟ್ಟು ಬಿದ್ದರೆ ತಾನಾಗಿ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಪೇಟೆಂಟು ಪಡೆದ. ಅದು ಬೆಳೆದು ತಾಮ್ರದ ಪುಟ್ಟ ಟೋಪಿಯಾಯಿತು. ಟೊಳ್ಳು ಮೊಳೆಯೊಂದರ ಮೇಲೆ ಈ ಟೋಪಿಯನ್ನು ಕೂರಿಸಿ ಕುದುರೆಯಿಂದ ಬಡಿದರೆ ಸಾಕು. ಮಲೆನಾಡಿನ ‘ಕೇಪಿನ ಕೋವಿ’ ಇದೇ. ಮಕ್ಕಳ ದೀಪಾವಳಿ ಪಿಸ್ತೂಲಿನ ‘ಕೇಪು’ ಕೂಡ ಇದೇ ವಂಶದ ಕುಡಿ.

ಬಟ್ಟಲಿನ ಬಯಲು ಬೆಂಕಿ ಇಲ್ಲವಾದ್ದರಿಂದ ಕಣ್ಣಿಗೆ ಇದು ಒಳ್ಳೆಯ ಸುದ್ದಿಯಾಗಬೇಕಿತ್ತು. ಆದರೆ ಆದದ್ದು ಬೇರೆ. ಪೆಟ್ಟಿಗೆ ಸಿಕ್ಕ ತಾಮ್ರದ ಟೋಪಿ ಹರಿದು ಚೂರುಚೂರಾಗಿ ಹಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನೇತ್ರವೈದ್ಯರ ಬರಹಗಳಲ್ಲಿ ‘ಕೇಪಿನ ಚೂರು ಕಣ್ಣಿಗೆ ಹೊಕ್ಕ’ ಪ್ರಕರಣಗಳು ಮತ್ತೆ ಮತ್ತೆ ಬರುತ್ತವೆ. ತಾಮ್ರ ಕಣ್ಣಿನೊಳಗೆ ಸುಮ್ಮನೆ ಕೂರುವ ಲೋಹವಲ್ಲ. ಅಪ್ಪಟ ತಾಮ್ರವಾದರೆ ಕೀವುಗಟ್ಟಿಸುವಷ್ಟು ಉರಿಯೂತ ತರುತ್ತದೆ. ಮಿಶ್ರಲೋಹವಾದರೆ ನಿಧಾನವಾಗಿ ಕರಗಿ ಕಣ್ಣಿನ ಪೊರೆಗಳಿಗೆ ಬಣ್ಣ ಹಿಡಿಸುತ್ತದೆ.

ಕಿವಿಗೆ ಕೊಳ, ಕಣ್ಣಿಗೆ?

ಇಷ್ಟೆಲ್ಲ ಗೊತ್ತಿದ್ದೂ ಕಣ್ಣಿಗೆ ರಕ್ಷಣೆ ಏಕೆ ಬರಲಿಲ್ಲ ಎಂಬುದು ಸಹಜವಾದ ಪ್ರಶ್ನೆ. ಮದ್ದಿನ ವಿಚಾರದಲ್ಲಿ ಹಿಂದಿನವರು ಅಜಾಗ್ರತರಾಗಿದ್ದರು ಎನ್ನುವಂತಿಲ್ಲ. ಮದ್ದು ಅರೆಯುವಾಗ ನೀರು ಚಿಮುಕಿಸಿ ಒದ್ದೆ ಮಾಡಿಯೇ ಅರೆಯುತ್ತಿದ್ದರು. ಕಬ್ಬಿಣದ ಸಲಕರಣೆ ದೂರವಿಟ್ಟು ಮರ, ತಾಮ್ರದವನ್ನೇ ಬಳಸುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಟ್ಟಿಸಿದ ಮದ್ದಿನಮನೆಗಳ ದಪ್ಪ ಗೋಡೆಗಳನ್ನು ಈಗಲೂ ನೋಡಬಹುದು. ಅವುಗಳಲ್ಲೊಂದನ್ನು ಮೈಸೂರು ರೈಲುಮಾರ್ಗದ ಜೋಡಿಹಳಿಗೆ ದಾರಿ ಬಿಡಲೆಂದು 2017ರಲ್ಲಿ ಕಟ್ಟಡಕ್ಕೆ ಕಟ್ಟಡವನ್ನೇ ಎತ್ತಿ ಸುಮಾರು ನೂರು ಮೀಟರು ಆಚೆಗೆ ಸರಿಸಿದ್ದು ಹಲವರಿಗೆ ನೆನಪಿರಬಹುದು. ಮದ್ದನ್ನು ತೇವದಿಂದ ಕಾಯಲು, ಕಿಡಿಯಿಂದ ಕಾಯಲು ಅಷ್ಟು ಜತನ.

ಕಿವಿಯ ಬಗ್ಗೆಯೂ ಯೋಚಿಸಿದವರಿದ್ದರು. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ‘ಮಲಿಕ್-ಎ-ಮೈದಾನ್’ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಅದರ ಪಕ್ಕದಲ್ಲೊಂದು ನೀರಿನ ತೊಟ್ಟಿಯಿದೆ. ಬತ್ತಿ ಹಚ್ಚಿದ ಗೋಲಂದಾಜ ಕಿವಿ ಒಡೆಯದಿರಲೆಂದು ಆ ನೀರಿನಲ್ಲಿ ಮುಳುಗುತ್ತಿದ್ದನೆಂದು ಊರವರೂ ಮಾರ್ಗದರ್ಶಿಗಳೂ ಪ್ರವಾಸಿಗರಿಗೆ ಹೇಳುತ್ತ ಬಂದಿದ್ದಾರೆ. ಕಥೆ ನಿಜವೋ ಸುಳ್ಳೋ, ಕಿವಿಯ ಚಿಂತೆಯಂತೂ ಅದರಲ್ಲಿದೆ. ಕಣ್ಣಿನ ಬಗ್ಗೆ ಅಂಥದೊಂದು ದಂತಕಥೆಯೂ ಇಲ್ಲ.

ಕಾರಣ ಬಹುಶಃ ಸರಳ. ಕಿವಿ ಮುಚ್ಚಿಕೊಂಡೂ ಕೋವಿ ಹಾರಿಸಬಹುದು. ಕಣ್ಣು ಮುಚ್ಚಿಕೊಂಡು ಸಾಧ್ಯವಿಲ್ಲ. ಕಣ್ಣನ್ನು ಕಾಯುವ ವಸ್ತು ಪಾರದರ್ಶಕವಾಗಿರಬೇಕು, ಹೊಡೆತವನ್ನೂ ತಡೆಯಬೇಕು. ಪಾರದರ್ಶಕ ಎಂದರೆ ಮೊನ್ನೆಮೊನ್ನೆಯವರೆಗೆ ಗಾಜು ಮಾತ್ರ. ಮೂಗಿನ ಮೇಲೆ ಕೂರುವ ತೆಳು ಗಾಜು ಚರೆಕಾಳಿನ ಪೆಟ್ಟಿಗೆ ಒಡೆದು, ತಾನೇ ಕಣ್ಣಿಗೆ ಚುಚ್ಚುವ ಚೂರಾಗುತ್ತದೆ. ರಕ್ಷಣೆಯೇ ಶತ್ರುವಾಗುವ ಪರಿಸ್ಥಿತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಎಡುವಾರ್ಡ್ ಬೆನೆಡಿಕ್ಟಸ್ ಎರಡು ಗಾಜಿನ ನಡುವೆ ಸೆಲ್ಯುಲಾಯ್ಡ್ ಹಾಳೆಯಿಟ್ಟು, ಒಡೆದರೂ ಚೂರು ಹಾರದ ಗಾಜು ಮಾಡಿದ. ಅದು ಮೊದಲನೆಯ ಮಹಾಯುದ್ಧದ ವಿಷಾನಿಲ ಮುಖವಾಡಗಳಿಗೂ ಮೋಟಾರು ಕಾರುಗಳಿಗೂ ಬಂತು. ನಿಜವಾದ ಬದಲಾವಣೆ 1953ರದ್ದು. ಆ ವರ್ಷ ಜರ್ಮನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದಲ್ಲಿ ಡೇನಿಯಲ್ ಫಾಕ್ಸ್, ಒಬ್ಬರಿಗೊಬ್ಬರು ಅರಿಯದೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕನ್ನು ಕಂಡುಹಿಡಿದರು. ಗಾಜಿನಂತೆ ಪಾರದರ್ಶಕ, ತೂಕದಲ್ಲಿ ಹಗುರ, ಪೆಟ್ಟಿಗೆ ಬಗ್ಗುತ್ತದೆಯೇ ಹೊರತು ಸುಲಭಕ್ಕೆ ಒಡೆಯುವುದಿಲ್ಲ. ಇಂದು ಗುಂಡು ಹಾರಿಸುವ ಕ್ರೀಡೆಯವರು, ಕಾರ್ಖಾನೆಯವರು ಧರಿಸುವ ರಕ್ಷಣಾ ಕನ್ನಡಕ ಬಹುಮಟ್ಟಿಗೆ ಇದರದ್ದೇ. ಎಂದರೆ ರಾಯಚೂರು ಮುತ್ತಿಗೆಗೂ ಕಣ್ಣಿಗೊಂದು ನಂಬಬಹುದಾದ ಕವಚ ಸಿಗುವುದಕ್ಕೂ ನಡುವೆ 433 ವರ್ಷ.

ಕಾನೂನಿನ ಕಣ್ಣು

ಕೋವಿಯ ಮೇಲೆ ಸರ್ಕಾರಗಳು ಕಣ್ಣಿಡದೆ ಇದ್ದುದಿಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಆ ನವೆಂಬರಿನಲ್ಲಿ ಊರನ್ನೇ ಸುಟ್ಟು ಅವರನ್ನು ಅಡಗಿಸಲಾಯಿತು. ಹಲಗಲಿಯ ಲಾವಣಿ ಕನ್ನಡಿಗರ ಬಾಯಲ್ಲಿ ಇಂದಿಗೂ ಇದೆ. ಅದಾಗಿ ನಾಲ್ಕು ವರ್ಷಕ್ಕೆ, 1861ರ ಫೆಬ್ರುವರಿಯಲ್ಲಿ, ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ನಾನಾ ರೂಪದಲ್ಲಿ ಮುಂದುವರಿದು, 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯೂ ಉಳಿದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು.

ಕೋವಿಯನ್ನು ಮನೆಯ ಸದಸ್ಯನಂತೆ ಕಾಣುವ ಸಂಸ್ಕೃತಿ ಅದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುನ್ನ ಗುಂಡಿನ ಸದ್ದು ಕೇಳಲೇಬೇಕು. ನಾಟಿಯ ಕೆಲಸ ಮುಗಿಸಿ ಸೆಪ್ಟೆಂಬರಿನ ಆರಂಭದಲ್ಲಿ ಆಚರಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ಗಂಧವಿಟ್ಟು, ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪೈಪೋಟಿ. ಕೋವಿಗೆ ಇಷ್ಟು ಮರ್ಯಾದೆ ಕೊಡುವ ಜನ ಅದರ ಶಿಸ್ತನ್ನೂ ಮಕ್ಕಳಿಗೆ ಕಲಿಸುತ್ತಾರೆ. ನಳಿಗೆ ಯಾರ ಕಡೆಗೂ ತಿರುಗಬಾರದು, ತುಂಬಿದ ಕೋವಿ ಮನೆಯೊಳಗೆ ತರಬಾರದು ಎಂಬ ಶಿಸ್ತು. ಆ ಪಟ್ಟಿಗೆ ಕನ್ನಡಕ ಸೇರುವುದು ಕಷ್ಟದ ಕೆಲಸವೇನಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಾವಳಿಯೂ ಸ್ಪರ್ಧಿಗಳು ಒಡೆಯದ ಕನ್ನಡಕ ಧರಿಸಬೇಕೆಂದು ಒತ್ತಿ ಹೇಳುತ್ತದೆ.

ಮಲೆನಾಡಿನಲ್ಲಿ, ಬಯಲುಸೀಮೆಯ ಕಾಡಂಚಿನಲ್ಲಿ ಬೆಳೆ ರಕ್ಷಣೆಯ ಪರವಾನಗಿ ಪಡೆದ ರೈತರದ್ದು ಬೇರೆ ಲೋಕ. ಅಜ್ಜನ ಕಾಲದ ಒಂಟಿ ನಳಿಗೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುವ ಕೋವಿ. ಕಾಯಿದೆ ಕೋವಿಯ ನಂಬರು ಕೇಳುತ್ತದೆ, ಯಜಮಾನನ ನಡತೆ ವಿಚಾರಿಸುತ್ತದೆ, ಮದ್ದಿನ ಲೆಕ್ಕ ಕೇಳುತ್ತದೆ. ಪರವಾನಗಿಯೇ ಇಲ್ಲದ ನಾಡ ಬಂದೂಕಿನ ಕಥೆಯಂತೂ ಹೇಳುವುದೇ ಬೇಡ. ನೀರಿನ ಪೈಪಿನಂಥ ನಳಿಗೆ, ಅಂದಾಜಿನ ಮದ್ದು. ಹಿಂದಕ್ಕೆ ಒಡೆದರೆ ಮೊದಲು ಹೋಗುವುದು ಹಾರಿಸಿದವನ ಮುಖ. ಬೇಟೆ 1972ರ ವನ್ಯಜೀವಿ ಕಾಯಿದೆಯಡಿ ಅಪರಾಧ, ಬಂದೂಕು ಇನ್ನೊಂದು ಅಪರಾಧ. ಗಾಯ ನೋಡಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಹೀಗಿರುವಾಗ ಗಾಯಾಳು ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿದರೆ ಆಶ್ಚರ್ಯವಿಲ್ಲ. ಕಣ್ಣಿನ ಗಾಯದಲ್ಲಿ ಆ ಹಿಂಜರಿಕೆಯ ಒಂದು ದಿನಕ್ಕೆ ಬೆಲೆ ಬಹಳ.

ಕಣ್ಣಿಗೆಂದೇ ಬರೆದ ಕಾನೂನು ಇಲ್ಲವೆಂದಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯಿದೆಯ 35ನೆಯ ಕಲಮು ಪೂರ್ತಿಯಾಗಿ ಕಣ್ಣಿನ ರಕ್ಷಣೆಯದೇ ಆಗಿತ್ತು. ಚೂರು ಹಾರುವ ಕಡೆ, ಕಣ್ಣು ಕುಕ್ಕುವ ಬೆಳಕಿರುವ ಕಡೆ ಕೆಲಸಗಾರರಿಗೆ ಪರದೆ ಅಥವಾ ತಕ್ಕ ಕನ್ನಡಕ ಒದಗಿಸಬೇಕೆಂದು ಅದರ ವಿಧಿಯಾಗಿತ್ತು. ಕಣ್ಣಿನ ರಕ್ಷಕಗಳಿಗೆ ಭಾರತೀಯ ಮಾನಕವೂ ಇದೆ, ಐಎಸ್ 5983. ಆದರೆ ಅದು ಕಾರ್ಖಾನೆಯ ಗೋಡೆಯೊಳಗಿನ ಮಾತು.

ರಾಮನಗರ, ಮಾಗಡಿ, ಕನಕಪುರದ ಕಲ್ಲುಗಣಿಗಳನ್ನು ಇಲ್ಲಿ ನೆನೆಯಬೇಕು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಈ ಸೀಮೆಯ ಸುಮಾರು 250 ಕೋಟಿ ವರ್ಷ ಹಳೆಯ ಶಿಲೆಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಚಪ್ಪಡಿಗೆಂದು ಕಲ್ಲು ತೆಗೆಯುವಾಗ ಡೈನಮೈಟಿಗಿಂತ ಕರಿಮದ್ದೇ ಒಳ್ಳೆಯದು. ಅದು ನಿಧಾನ ಉರಿದು ಬಂಡೆಯನ್ನು ನುಚ್ಚುಮಾಡದೆ ತಳ್ಳಿ ಸೀಳುತ್ತದೆ. ಸಾವನದುರ್ಗದ ಕೆಳಗೆ ಅಂದು ಕೋಟೆ ಒಡೆದ ಅದೇ ಮೂರು ಪದಾರ್ಥಗಳು ಈ ಬಂಡೆಗಳ ಕುಳಿಗಳಲ್ಲಿ ಅನ್ನದ ದಾರಿಯಾಗಿ ಬಂದವು. ಕುಳಿಗೆ ಮದ್ದು ತುಂಬಿ ಮಣ್ಣು ಗಿಡಿಯುವವನಿಗೂ, ಉಳಿ ಹಿಡಿದು ಕಲ್ಲು ಕೆತ್ತುವವನಿಗೂ ಮುಖದ ಮೇಲೆ ಇದ್ದುದು ತಲೆಗೆ ಸುತ್ತಿದ ಟವಲಿನ ನೆರಳು ಮಾತ್ರ.

ಒಂದು ಹೋದರೆ ಎರಡು

ಮದ್ದಿನಿಂದ ಗಾಯಗೊಂಡ ಕಣ್ಣಿಗೆ ಹಳೆಯ ವೈದ್ಯರು ಏನು ಮಾಡಬಲ್ಲವರಾಗಿದ್ದರು? ಹೆಚ್ಚೇನೂ ಇಲ್ಲ. ಚರೆ ಒಳಗಿದೆಯೋ ಇಲ್ಲವೋ ಎಂದು ನೋಡಲು ಸಾಧನವಿರಲಿಲ್ಲ. ಕ್ಷಕಿರಣ ಬಂದದ್ದು 1895ರಲ್ಲಿ. ಜರ್ಮನಿಯ ಹಿರ್ಷ್‌ಬರ್ಗ್ 1879ರಲ್ಲಿ ವಿದ್ಯುತ್ ಅಯಸ್ಕಾಂತದಿಂದ ಕಣ್ಣಿನೊಳಗಿನ ಕಬ್ಬಿಣದ ಚೂರನ್ನು ಸೆಳೆದು ತೆಗೆದದ್ದು ದೊಡ್ಡ ಸುದ್ದಿಯಾಯಿತು. ಕಮ್ಮಾರರಿಗೆ, ಯಂತ್ರದ ಕೆಲಸದವರಿಗೆ ಅದು ವರ. ಕೋವಿಯವನಿಗೆ ಅದರಿಂದ ಉಪಯೋಗವಿಲ್ಲ. ಕೇಪು ತಾಮ್ರದ್ದು, ಚರೆ ಸೀಸದ್ದು. ಎರಡನ್ನೂ ಅಯಸ್ಕಾಂತ ಮೂಸಿಯೂ ನೋಡುವುದಿಲ್ಲ. 1970ರ ದಶಕದಲ್ಲಿ ರಾಬರ್ಟ್ ಮ್ಯಾಕೆಮರ್ ಕಣ್ಣಿನ ಒಳದ್ರವವನ್ನೇ ತೆಗೆದು ಶಸ್ತ್ರಚಿಕಿತ್ಸೆ ಮಾಡುವ ವಿಧಾನ ರೂಪಿಸಿದ ಮೇಲೆಯೇ ಇಂಥ ಚೂರುಗಳಿಗೆ ಸರಿಯಾದ ದಾರಿ ತೆರೆಯಿತು.

ಇನ್ನೂ ಕ್ರೂರವಾದ ಸಂಗತಿಯೊಂದಿದೆ. ಒಂದು ಕಣ್ಣಿಗೆ ಆಳವಾದ ಗಾಯವಾದರೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಏನೂ ಆಗದ ಇನ್ನೊಂದು ಕಣ್ಣೂ ಉರಿಯೂತಕ್ಕೆ ತುತ್ತಾಗಿ ಕುರುಡಾಗಬಹುದು. ಗಾಯಗೊಂಡ ಕಣ್ಣಿನ ಅಂಶಗಳ ವಿರುದ್ಧ ಎಚ್ಚೆತ್ತ ದೇಹದ ಕಾವಲುಪಡೆ ಒಳ್ಳೆಯ ಕಣ್ಣನ್ನೂ ಪರಕೀಯವೆಂದು ಭಾವಿಸಿ ದಾಳಿ ಮಾಡುವುದು ಇದಕ್ಕೆ ಕಾರಣ. ಇದು ಅಪರೂಪದ ಕಾಯಿಲೆ, ಆದರೆ ಲೋಕಕ್ಕೆ ಗೊತ್ತಿರುವ ಒಬ್ಬ ವ್ಯಕ್ತಿಯ ಬಾಳಿನಲ್ಲಿ ಬಂದದ್ದು. ಅಂಧರ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ಮೂರು ವರ್ಷದ ಮಗುವಾಗಿದ್ದಾಗ ಅಪ್ಪನ ಚರ್ಮದ ಕೆಲಸದ ದಬ್ಬಳ ಒಂದು ಕಣ್ಣಿಗೆ ಚುಚ್ಚಿತು. ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ಹತ್ತೊಂಬತ್ತನೆಯ ಶತಮಾನದ ವೈದ್ಯರಿಗೆ ಒಳ್ಳೆಯ ಕಣ್ಣನ್ನು ಉಳಿಸಲು ಗೊತ್ತಿದ್ದ ಉಪಾಯ ಒಂದೇ, ಗಾಯಗೊಂಡ ಕಣ್ಣನ್ನು ಬೇಗನೆ ಕಿತ್ತುಹಾಕುವುದು. ಸ್ಟೀರಾಯ್ಡ್ ಔಷಧಗಳು ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ.

ಕಣ್ಣು ಸಣ್ಣದು. ಇಡೀ ದೇಹದ ಮೇಲ್ಮೈಯಲ್ಲಿ ಅದರ ಪಾಲು ಸಾವಿರದಲ್ಲಿ ಒಂದು. ಆದರೂ 1991ರ ಕೊಲ್ಲಿ ಯುದ್ಧದಲ್ಲಿ ಗಾಯಗೊಂಡ ಅಮೆರಿಕನ್ ಸೈನಿಕರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಪೆಟ್ಟಾದದ್ದು ಕಣ್ಣಿಗೆ. ಅಪಾಯ ಬಂದ ಕಡೆಗೆ ಮನುಷ್ಯ ಮೊದಲು ತಿರುಗಿಸುವುದು ಮುಖವನ್ನೇ ತಾನೆ. ಆಧುನಿಕ ಸೇನೆಗಳು ಕನ್ನಡಕವನ್ನು ಹೆಲ್ಮೆಟ್ಟಿನಷ್ಟೇ ಕಡ್ಡಾಯ ಮಾಡಿದ್ದು ಇಂಥ ಲೆಕ್ಕಗಳನ್ನು ನೋಡಿದ ಮೇಲೆ.

ಮಿಂಟೋ ಆಸ್ಪತ್ರೆಯ ರಾತ್ರಿಗಳು

ಬೆಂಗಳೂರಿನಲ್ಲಿ ಕಣ್ಣಿಗೆಂದೇ ಒಂದು ಆಸ್ಪತ್ರೆ 1896ರಲ್ಲಿ ಚಿಕ್ಕಪೇಟೆಯಲ್ಲಿ ಸಣ್ಣದಾಗಿ ಆರಂಭವಾಯಿತು. ಕೋಟೆಯ ಸಮೀಪ ಈಗಿರುವ ಕಲ್ಲಿನ ಕಟ್ಟಡಕ್ಕೆ 1913ರಲ್ಲಿ ಬಂದಾಗ ಅದಕ್ಕೆ ಹಿಂದಿನ ವೈಸರಾಯ್ ಮಿಂಟೋ ಹೆಸರಿಡಲಾಯಿತು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಫಿರಂಗಿಗಳು ಒಡೆದ ಬೆಂಗಳೂರು ಕೋಟೆಗೂ ಈ ಆಸ್ಪತ್ರೆಗೂ ನಡೆದು ಹೋಗುವಷ್ಟೇ ದೂರ. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯ ಹಳ್ಳಿಗಳವರಿಗೆ ‘ಕಣ್ಣಾಸ್ಪತ್ರೆ’ ಎಂದರೆ ಬಹಳ ಕಾಲ ಮಿಂಟೋ ಒಂದೇ ಆಗಿತ್ತು.

ಮದ್ದಿನ ಗಾಯಗಳು ಇಲ್ಲಿಗೆ ಇಂದು ಬರುವುದು ಕೋಟೆಯಿಂದಲೂ ಅಲ್ಲ, ಬೇಟೆಯಿಂದಲೂ ಅಷ್ಟಾಗಿ ಅಲ್ಲ, ದೀಪಾವಳಿಯಿಂದ. ಹಬ್ಬದ ದಿನಗಳಲ್ಲಿ ಮಿಂಟೋ, ನಾರಾಯಣ ನೇತ್ರಾಲಯ ಮುಂತಾದ ಆಸ್ಪತ್ರೆಗಳು ಇಪ್ಪತ್ನಾಲ್ಕು ಗಂಟೆ ಬಾಗಿಲು ತೆರೆದು ವೈದ್ಯರನ್ನು ಸಜ್ಜಾಗಿಡುತ್ತವೆ. ಹೂಕುಂಡದಲ್ಲಿರುವುದು ಬಹುಮಟ್ಟಿಗೆ ಹಳೆಯ ಕರಿಮದ್ದೇ. ಸದ್ದಿನ ಪಟಾಕಿಗಳಲ್ಲಿ ಅಲ್ಯೂಮಿನಿಯಂ ಪುಡಿ ಬೆರೆತ ಇನ್ನೂ ಚುರುಕಾದ ಮದ್ದು. ಸುಪ್ರೀಂ ಕೋರ್ಟು 2018ರಲ್ಲಿ ಕೊಟ್ಟ ತೀರ್ಪಿನ ಬಳಿಕ ‘ಹಸಿರು ಪಟಾಕಿ’ಯ ಮಾತು ಕೇಳಿಬರುತ್ತಿದೆ. ಅದರಿಂದ ಹೊಗೆ ಕಡಿಮೆಯಾಗುವುದು ಹೌದು. ಕಿಡಿಗೆ ಹಸಿರು ಕೆಂಪೆಂಬ ಭೇದವಿಲ್ಲ, ಕಣ್ಣಿಗೆ ಬಿದ್ದರೆ ಅದೂ ಸುಡುತ್ತದೆ.

ಮನೆಯಲ್ಲಿ ಮಾಡಬಹುದಾದದ್ದನ್ನು ನೇತ್ರವೈದ್ಯರು ವರ್ಷವರ್ಷವೂ ಹೇಳುತ್ತಾರೆ. ಬಗ್ಗಿ ಹಚ್ಚಬೇಡಿ, ಕೈ ಉದ್ದ ಚಾಚಿ ಹಚ್ಚಿ, ಹತ್ತದ ಪಟಾಕಿಯ ಹತ್ತಿರ ಹೋಗದೆ ದೂರದಿಂದ ನೀರು ಸುರಿಯಿರಿ, ಪಾರ್ಶ್ವಗಳೂ ಮುಚ್ಚುವಂಥ ರಕ್ಷಣಾ ಕನ್ನಡಕ ಹಾಕಿ. ದೃಷ್ಟಿದೋಷದ ಕನ್ನಡಕ ಅದಕ್ಕೆ ಬದಲಲ್ಲ. ಮದ್ದಿನ ಪುಡಿ ಮಾತ್ರ ಕಣ್ಣಿಗೆ ಬಿದ್ದಿದ್ದರೆ ಶುದ್ಧ ನೀರಿನಲ್ಲಿ ಧಾರಾಳವಾಗಿ ತೊಳೆಯಬೇಕು. ಚುಚ್ಚಿದ ಗಾಯವಾಗಿದ್ದರೆ ತೊಳೆಯಬಾರದು, ಉಜ್ಜಬಾರದು, ಹಾಲು ಎಣ್ಣೆ ಬಿಡಬಾರದು, ಕಾಣುವ ಚೂರನ್ನು ಎಳೆಯಲೂ ಬಾರದು. ಕಣ್ಣಿಗೆ ಒತ್ತದಂತೆ ಕಾಗದದ ಲೋಟವೊಂದನ್ನು ಮೇಲೆ ಮುಚ್ಚಿ ಅಂಟಿಸಿ ಆಸ್ಪತ್ರೆಗೆ ಕರೆತರಬೇಕು.

ಹೀಗೆ ಕರೆತರುವವರಲ್ಲಿ ಮಕ್ಕಳು ಬಹಳ. ಪಟಾಕಿ ಮುಟ್ಟದೆ ಬೀದಿಯಲ್ಲಿ ನಡೆದುಹೋಗುತ್ತಿದ್ದವರು, ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ಸ್ಕೂಟರಿನಲ್ಲಿ ಮನೆಗೆ ಮರಳುತ್ತಿದ್ದವರು ಕೂಡ ವರ್ಷವರ್ಷವೂ ಇರುತ್ತಾರೆ. ಚಕಮಕಿ ಕೋವಿಯ ಕಾಲದಲ್ಲಿ ಸಾಲಿನ ಬಲಪಕ್ಕದಲ್ಲಿ ನಿಂತಿದ್ದ ಸಿಪಾಯಿಯ ಜಾಗದಲ್ಲಿ ಈಗ ಇವರು ನಿಂತಿದ್ದಾರೆ.